ಹಿಂದಿನ ಪುಟಗಳ ಸಂಪಾದಕರು

ಅವರ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಹುಡುಗರಾಗಿದ್ದಾಗ ಮೆಣಸು ಕೊಯ್ಯುವ ಏಣಿ ಜಾರಿ ಬೆರಳು ಜಜ್ಜಿಹೋಗಿತ್ತಂತೆ. ಆಮೇಲೆ ಬೆಳೆದ ಉಗುರು ಕೂಡಿಕೊಳ್ಳಲೇ ಇಲ್ಲ. ನಡುವೆ ಒಂದು ಸಣ್ಣ ಸಂದು ಬಿಟ್ಟುಕೊಂಡು ಬೆಳೆಯಿತು. ಕರಡು ಪುಟಗಳನ್ನು ಓದುವಾಗ ಅವರು ಪೆನ್ನು ಹಿಡಿಯುತ್ತಿರಲಿಲ್ಲ. ತಮಗೆ ಒಪ್ಪದ ಸಾಲಿನ ಕೆಳಗೆ ಆ ಉಗುರಿನಿಂದ ಒತ್ತಿ ಎಳೆಯುತ್ತಿದ್ದರು. ಮೇಜಿನ ಮೇಲಿದ್ದಾಗ ಹಾಳೆ ಸ್ವಚ್ಛವಾಗಿ ಕಾಣುತ್ತಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಸಾಲಿನ ಕೆಳಗೆ ಜೋಡಿ ಗೆರೆ ಮೂಡುತ್ತಿತ್ತು. "ನಮ್ಮ ಜಿಲ್ಲೆಗೆ ರೈಲು ಬರ್ಲಿಲ್ಲ, ಹಳಿ ಮಾತ್ರ ಸರ್ ಉಗುರಲ್ಲಿ ಬಂತು" ಎಂದು ಹುಡುಗರು ನಗುತ್ತಿದ್ದರು.

ಎಡಗೈ ಹೆಬ್ಬೆರಳು ಎಂದು ಬರೆಯಲು ಹೊರಟು ನಿಲ್ಲಿಸಿದೆ. ನನ್ನ ಕಣ್ಣಿಗೆ ಕಟ್ಟಿರುವುದು ಎಡಗೈಯೇ. ಜೊತೆಗೆ ಓದಿದ ಗೆಳತಿಯನ್ನು ಫೋನಿನಲ್ಲಿ ಕೇಳಿದರೆ ಬಲಗೈ ಎಂದು ಆಣೆ ಹಾಕಿದಳು. ಎದುರು ಕುಳಿತು ನೋಡಿದವರಿಗೆ ಎಡ ಬಲ ಅದಲುಬದಲಾಗುವುದು ಸಹಜ ಎಂದು ಸಮಾಧಾನ ಮಾಡಿಕೊಂಡೆ. ಆದರೂ ವರ್ಷಗಟ್ಟಲೆ ದಿನವೂ ನೋಡಿದ ಕೈಯ ವಿಷಯದಲ್ಲೇ ಹೀಗಾದರೆ, ಅವರ ಮಾತುಗಳನ್ನು ಅವರವೇ ಎಂದು ಇಲ್ಲಿ ಬರೆಯಲು ನನಗೇನು ಅಧಿಕಾರ? ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಅದನ್ನು ಬರೆದವಳೂ ನಾನೇ. ಅದನ್ನು ಸಾಕ್ಷ್ಯವೆಂದು ಮುಂದಿಟ್ಟರೆ ಮೊದಲು ಆಕ್ಷೇಪ ಎತ್ತುವವರು ಅವರೇ ಆಗಿರುತ್ತಿದ್ದರು. ಅವರು ನನಗೆ ಕಾನೂನು ಕಲಿಸಿದ ಮೇಷ್ಟ್ರು.

ಮಡಿಕೇರಿಯ ಇಳಿಜಾರಿನಲ್ಲಿದ್ದ ನಮ್ಮ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನಲ್ಲಿ ಅವರು ಆಸ್ತಿ ಕಾನೂನು ಪಾಠ ಮಾಡುತ್ತಿದ್ದರು. ವರ್ಷಕ್ಕೆರಡು ಬಾರಿ ಹೊರಡುತ್ತಿದ್ದ ಕಾನೂನು ಜರ್ನಲ್‌ಗೆ ಅವರೇ ಸಂಪಾದಕರು. ಸೋಮವಾರಪೇಟೆಯ ಆಚೆಗಿನ ಒಕ್ಕಲು ಮನೆತನದವರು. ಹಣೆಯ ಮೇಲೆ ವಿಭೂತಿ, ಹೆಗಲಿಗೆ ಬಟ್ಟೆಯ ಚೀಲ, ಬಾಯಿ ತೆರೆದರೆ ಹಾಸನದ ಕಡೆಯದೇ ಅನ್ನಿಸುವ ಮಾತು. ವಿದ್ಯಾರ್ಥಿನಿಯರನ್ನೆಲ್ಲ "ಅವ್ವ" ಎನ್ನುತ್ತಿದ್ದರು, ಬೈಯುವಾಗಲೂ.

ಜರ್ನಲ್‌ನ ಮುಂಭಾಗದಲ್ಲಿ ಇಂಗ್ಲಿಷಿನ ಗಂಭೀರ ಲೇಖನಗಳಿರುತ್ತಿದ್ದವು. ಪ್ರತಿ ಲೇಖನದ ಜೊತೆಗೆ ಕನ್ನಡದಲ್ಲಿ ಒಂದು ಪುಟದ ಸಾರಾಂಶ. ಕೊನೆಯ ಕೆಲವು ಪುಟಗಳು ಕಾಲೇಜಿನ ಸುದ್ದಿಗೆ ಮೀಸಲು. ಯಾರು ವಕೀಲಿಕೆಗೆ ಸೇರಿದರು, ಹಳೆಯ ವಿದ್ಯಾರ್ಥಿಗಳಲ್ಲಿ ಯಾರಿಗೆ ಮದುವೆಯಾಯಿತು, ಮೂಟ್ ಕೋರ್ಟ್ ಎಂಬ ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ ಯಾವ ತಂಡ ಸೋತಿತು, ಕ್ಯಾಂಟೀನಿನ ತಗಡಿನ ಮಾಡು ಗಾಳಿಗೆ ಎಲ್ಲಿಗೆ ಹಾರಿತು, ಇಂಥವು. ಇಂಥ ಪುಟಗಳು ಬೇರೆ ಕಾಲೇಜುಗಳಲ್ಲೂ ಇರಬಹುದು. ಅವರದೇ ಆದ ಕಟ್ಟಳೆ ಒಂದಿತ್ತು: ಪ್ರತಿ ಸುದ್ದಿಯ ಕೊನೆಗೆ ಒಂದು ಸಾಲು, ಮುಂಭಾಗದ ಯಾವುದಾದರೂ ಲೇಖನದ ಕಡೆಗೆ ಕೈ ತೋರಿಸಬೇಕು. ಕ್ಯಾಂಟೀನಿನ ಮಾಡು ಹಾರಿದ ಸುದ್ದಿಯ ಕೆಳಗೆ "ಬಾಡಿಗೆ ಕಟ್ಟಡದ ದುರಸ್ತಿ ಯಾರ ಹೊಣೆ: ಒಳಪುಟ ನೋಡಿ." ಮದುವೆಯ ಸುದ್ದಿಯ ಕೆಳಗೆ "ವಿವಾಹ ನೋಂದಣಿ ಮಾಡಿಸುವುದು ಹೇಗೆ: ಒಳಪುಟ ನೋಡಿ."

"ಯಾರೂ ಕಾನೂನು ಓದಾಕೆ ಪುಸ್ತಕ ತೆಗೆಯಲ್ಲ ಕಣವ್ವ" ಎನ್ನುತ್ತಿದ್ದರು. "ತಮ್ಮ ಹೆಸ್ರು ಬಂದೈತಾ, ಪಕ್ಕದೋರ ಹೆಸ್ರು ಯಾಕೆ ಬಂತು, ಅದನ್ನ ನೋಡಾಕೆ ತೆಗೀತಾರೆ. ಹಿಂದಿನ ಬಾಗ್ಲಿಂದ ಬಂದೋರನ್ನ ಅಡುಗೆಮನೆ ದಾಟಿಸಿ ನಡುಮನೆಗೆ ಕೂರಿಸ್ಬೇಕು. ನಮ್ಮ ಕೆಲಸ ಅಷ್ಟೆ."

ಅದು ನಿಜವೂ ಆಗಿತ್ತು. ಹೊಸ ಸಂಚಿಕೆ ಬಂದ ದಿನ ಕಾಲೇಜಿನಲ್ಲಿ ಎಲ್ಲರೂ ಅದನ್ನು ಹಿಂದಿನಿಂದಲೇ ತೆರೆಯುತ್ತಿದ್ದರು, ಪ್ರಾಂಶುಪಾಲರೂ ಸೇರಿ. ಆದರೆ ಆ ಪುಟಗಳನ್ನು ಕತ್ತರಿಸಬೇಕೆಂಬ ಮಾತು ನಾನು ಕಾಲೇಜು ಸೇರಿದ ದಿನದಿಂದಲೂ ಇತ್ತು. ವಿದ್ವತ್ ಪತ್ರಿಕೆಗೆ ಇದೊಂದು ಬಾಲ ಎಂದು ಸಿಬ್ಬಂದಿ ಕೊಠಡಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಹೊರಗಿನವರಿಗೆ ತೋರಿಸಲು ನಾಚಿಕೆ ಎಂದೂ ಒಬ್ಬರು ಅಂದದ್ದುಂಟು. ಮೇಷ್ಟ್ರು ಕೇಳಿಸಿಕೊಂಡು, ಹಾಗೆಂದವರನ್ನೇ ಮುಂದಿನ ಸಂಚಿಕೆಗೆ ಸುದ್ದಿ ಕೇಳುತ್ತಿದ್ದರು. ಅವರ ಮಟ್ಟಿಗೆ ಆ ಬಾಲವೇ ಜರ್ನಲ್. ಅದೊಂದು ಉಳಿಯಲಿ ಎಂಬುದನ್ನು ಬಿಟ್ಟರೆ ಕಾಲೇಜಿನಲ್ಲಿ ಅವರಿಗೆ ಬೇರೆ ಆಸೆ ಇದ್ದದ್ದು ನನಗೆ ಗೊತ್ತಿಲ್ಲ.

ಓದುತ್ತಿದ್ದಾಗ ನಾನೊಂದು ಲೇಖನ ಬರೆದು ಕೊಟ್ಟೆ. ಒಬ್ಬರ ಜಾಗದಲ್ಲಿ ಇನ್ನೊಬ್ಬರಿಗೆ ದಾರಿಯ ಹಕ್ಕು ಹೇಗೆ ಹುಟ್ಟುತ್ತದೆ ಎಂಬುದು ವಿಷಯ. ತೀರ್ಪುಗಳ ಉಲ್ಲೇಖ ತುಂಬಿ ತುಳುಕುತ್ತಿತ್ತು. ಅವರು ಓದಿ, ಒಂದು ಸಾಲಿನ ಕೆಳಗೂ ಗೆರೆ ಎಳೆಯದೆ ಮೇಜಿನ ಮೇಲಿಟ್ಟರು. ನಾನು ಹಿಗ್ಗಿದೆ.

"ಚೆನ್ನಾಗೈತೆ. ಇದರ ಸುದ್ದಿ ಎಲ್ಲಿ?"

"ಸುದ್ದಿ ಎಂಥದು ಸರ್, ಇದು ಲೇಖನ."

"ಸುದ್ದಿ ಇಲ್ದ ಲೇಖನ ನಾನು ಹಾಕಲ್ಲವ್ವ. ಈ ಕಾಲೇಜಿನ ಗೇಟಿನೊಳಗೆ ಇಷ್ಟು ಜನ ಅವ್ರೆ. ಒಬ್ಬರಿಗಾದ್ರೂ ಇದು ತಾಗಬೇಕಲ್ಲ. ತಾಗಲಿಲ್ಲ ಅಂದ್ರೆ ನೀನು ಬರೆದದ್ದು ಯಾರಿಗೆ?"

ಸಿಟ್ಟು ಬಂತು. ಹೊರಗೆ ಬಂದು ಗೆಳತಿಯ ಮುಂದೆ ಗೊಣಗಿದೆ. ಅವಳು ನಕ್ಕು, "ದಿನಾ ಬೆಳಗ್ಗೆ ಎಲ್ಲಿ ನಡೀತೀಯ ನೀನು?" ಎಂದಳು. ಆಗ ಹೊಳೆಯಿತು. ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಬಸ್ ನಿಲ್ದಾಣಕ್ಕೆ ಇಳಿಯಲು ಪಕ್ಕದ ಕಾಫಿ ತೋಟದೊಳಗೆ ಒಂದು ಕಾಲುದಾರಿ ಇತ್ತು. ನಮಗಿಂತ ಹಿಂದಿನವರು, ಅವರಿಗಿಂತ ಹಿಂದಿನವರು ಎಲ್ಲರೂ ಅದರಲ್ಲೇ ಓಡಾಡಿದವರು. ಆ ತಿಂಗಳು ತೋಟದ ಮಾಲೀಕರು ಅದಕ್ಕೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದಿದ್ದರು. ನಾವು ರಸ್ತೆಯ ತಿರುವುಗಳನ್ನೆಲ್ಲ ಸುತ್ತಿಕೊಂಡು ನಡೆಯುತ್ತಿದ್ದೆವು, ಅವರನ್ನು ಶಪಿಸುತ್ತ. ದಾರಿಯ ಹಕ್ಕಿನ ಮೇಲೆ ನಾನು ಬರೆದ ಲೇಖನ ಚೀಲದಲ್ಲೇ ಇತ್ತು, ನನಗೆ ಮಾತ್ರ ಎರಡೂ ಒಂದೇ ಎಂದು ಅನ್ನಿಸಿರಲಿಲ್ಲ. ನೆನಪಿನಲ್ಲಿ ಹೀಗಿದೆ. ಗೆಳತಿ ಹೇಳುವ ಮೊದಲೇ ನನಗೆ ಹೊಳೆದಿತ್ತು ಎಂದು ದಿನಚರಿಯಲ್ಲಿದೆ. ನಾನು ಗೆಳತಿಯ ಪಕ್ಷ.

ಸುದ್ದಿ ಅಚ್ಚಾಯಿತು. "ಹಾಸ್ಟೆಲಿನಿಂದ ಬಸ್ ನಿಲ್ದಾಣಕ್ಕೆ ಇಳಿಯುವ ಕಾಲುದಾರಿಗೆ ಪಕ್ಕದ ತೋಟದವರು ಗೇಟು ಹಾಕಿದ್ದಾರೆ. ವಿದ್ಯಾರ್ಥಿನಿಯರು ರಸ್ತೆ ಸುತ್ತಿ ನಡೆಯುತ್ತಿದ್ದಾರೆ. ದಾರಿಯ ಹಕ್ಕು ಹುಟ್ಟುವುದು ಯಾವಾಗ: ಒಳಪುಟ ನೋಡಿ."

ಸಂಚಿಕೆ ಹೊರಬಂದ ವಾರದಲ್ಲೇ ತೋಟದ ಮಾಲೀಕರ ಜೀಪು ಕಾಲೇಜಿನ ಅಂಗಳಕ್ಕೆ ನುಗ್ಗಿತು. ಎತ್ತರದ ಆಳು, ಗಂಬೂಟು, ಕೈಯಲ್ಲಿ ಸುರುಳಿ ಸುತ್ತಿದ ಜರ್ನಲ್.

"ಎಂತ ಸರ್ ಇದು? ನನ್ನ ಗೇಟು ನಿಮ್ಮ ಪುಸ್ತಕದಲ್ಲಿ! ಕ್ಲಬ್ಬಿನಲ್ಲಿ ಎಲ್ಲ ನಗಾಡ್ತಾರೆ ಮಾರಾಯ್ರೆ. ಹೆಣ್ಣುಮಕ್ಕಳನ್ನ ಓಡಿಸಿದವ ಅಂತ!"

ನಾನು ಮೇಷ್ಟ್ರ ಕೋಣೆಯ ಬಾಗಿಲ ಹಿಂದೆ ಸರಿದೆ. ಮೇಷ್ಟ್ರು ಎದ್ದು ಕುರ್ಚಿ ಎಳೆದುಕೊಟ್ಟರು.

"ಕೂತ್ಕಳಿ. ಕಾಫಿ ತರಿಸ್ತೀನಿ. ನಿಮ್ಮ ತೋಟದಷ್ಟು ಚೆನ್ನಾಗಿರಲ್ಲ, ಚಿಕೋರಿ ಜಾಸ್ತಿ."

"ಕಾಫಿ ಬೇಡ. ನನ್ನ ಹೆಸರು ತೆಗೀಬೇಕು."

"ನಿಮ್ಮ ಹೆಸರೇ ಇಲ್ವಲ್ಲ ಅದ್ರಲ್ಲಿ. ಯಾಕೆ ಬೀಗ ಹಾಕಿದ್ರಿ, ಅದನ್ನಾದ್ರೂ ಹೇಳಿ. ಮೆಣಸು ಕದ್ದರಾ ನಮ್ಮ ಹುಡ್ಗೀರು?"

"ಛೆ ಛೆ, ಪಾಪದ ಮಕ್ಕಳು. ಹಾಗಲ್ಲ ಸರ್. ನಮ್ಮ ಭಾವ ಹೇಳಿದ್ರು, ಇವ್ರು ಹೀಗೇ ನಡ್ಕೊಂಡು ನಡ್ಕೊಂಡು ಕೊನೆಗೆ ದಾರಿ ಅವರದ್ದೇ ಆಗ್ತದೆ, ಕೋರ್ಟಿಗೆ ಹೋದ್ರೂ ಸಿಕ್ಕೂದಿಲ್ಲ ಅಂತ. ಅದೂ ಲಾ ಕಾಲೇಜಿನ ಮಕ್ಕಳು! ಹೆದರಿಕೆ ಆಗೂದಿಲ್ವ?"

ಮೇಷ್ಟ್ರು ಜರ್ನಲ್ ಬಿಡಿಸಿ, ನನ್ನ ಲೇಖನದ ಕನ್ನಡ ಸಾರಾಂಶ ತೆಗೆದು, ಒಂದು ಸಾಲಿನ ಕೆಳಗೆ ಉಗುರಿನಿಂದ ಎಳೆದು ಅವರ ಮುಂದೆ ಇಟ್ಟರು. "ಇದನ್ನ ಗಟ್ಟಿಯಾಗಿ ಓದಿ."

ಅವರು ಕನ್ನಡಕ ಹುಡುಕಿ ಓದಿದರು. "ಹಕ್ಕು ಹುಟ್ಟಬೇಕಾದರೆ ಯಾರ ಅಪ್ಪಣೆಯನ್ನೂ ಪಡೆಯದೆ, ತಮ್ಮ ಹಕ್ಕೆಂದೇ ದೀರ್ಘಕಾಲ ನಡೆದಿರಬೇಕು. ಮಾಲೀಕರ ಅನುಮತಿಯಿಂದ ನಡೆದರೆ, ಎಷ್ಟು ಕಾಲ ನಡೆದರೂ ಅದು ಹಕ್ಕಾಗುವುದಿಲ್ಲ." ಓದಿದ್ದನ್ನೇ ಮತ್ತೆ ಓದಿದರು. ಮುಖ ಸಡಿಲವಾಯಿತು.

"ಹಾಗಾದ್ರೆ ನಾನೇ ಬಿಡ್ತೇನೆ ಅಂತ ಹೇಳಿದ್ರೆ, ಅದು ನನ್ನದೇ ಆಗಿ ಉಳೀತದೆ?"

"ಉಳೀತದೆ. ನೀವು ಬಿಟ್ಟಿದ್ದು, ಅವರು ನಡೆದಿದ್ದು. ಅಷ್ಟೆ."

"ಇದನ್ನ ಮೊದಲೇ ಹೇಳಬಾರದಾ ಮಾರಾಯ್ರೆ!" ಎಂದು ಅವರು ಕುರ್ಚಿಯಲ್ಲಿ ಒರಗಿದರು. "ಹಕ್ಕು ಅಂತ ಕೇಳಿದ್ದಿದ್ರೆ ಸತ್ರೂ ಬಿಡ್ತಿರ್ಲಿಲ್ಲ. ಪರ್ಮಿಶನ್ ಅಲ್ವ? ಕೊಟ್ಟೆ. ಎಲ್ಲಿ, ನಿಮ್ಮ ಚಿಕೋರಿ ಕಾಫಿ ತರಿಸಿ."

ಗೇಟು ತೆರೆಯಿತು. ಪಕ್ಕದಲ್ಲಿ ಹಳದಿ ಬಣ್ಣದ ದೊಡ್ಡ ಬೋರ್ಡೂ ಬಂತು: ಈ ದಾರಿ ಮಾಲೀಕರ ಅನುಮತಿಯಿಂದ ಮಾತ್ರ. ಅದರ ಕೆಳಗೆ ನಾವೆಲ್ಲ ನಿಂತು ತೆಗೆಸಿಕೊಂಡ ಫೋಟೊ ಮುಂದಿನ ಸಂಚಿಕೆಯ ಸುದ್ದಿಯಾಯಿತು. ಕೋರ್ಟಿಗೆ ಹೋಗದೆಯೇ ನಮಗೆ ಆ ಲೇಖನದಿಂದ ದಾರಿ ಸಿಕ್ಕಿತು. ನಾನು ಬರೆದದ್ದು ಒಬ್ಬರಿಗೆ ತಾಗಿದ್ದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ಸ್ನಾತಕೋತ್ತರ ಪದವಿ ಮುಗಿಸಿ ಅದೇ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದೆ. ದಿನವೂ ಸುಂಟಿಕೊಪ್ಪದಿಂದ ಬಸ್ಸಿನಲ್ಲಿ ಓಡಾಟ, ಬಿಡುವಿನಲ್ಲಿ ಜರ್ನಲ್‌ಗೆ ಸಹಾಯ. ಅಷ್ಟರಲ್ಲಿ ಆ ಹಳೆಯ ಮಾತು ಗಟ್ಟಿಯಾಗಿ ಎದ್ದಿತ್ತು. ವಿಶ್ವವಿದ್ಯಾಲಯದಿಂದ ಬಂದ ತಂಡ ಜರ್ನಲ್ ನೋಡಿ, ಲೇಖನಗಳ ಗುಣಮಟ್ಟವನ್ನು ಹೊಗಳಿ, ಮಾನ್ಯತೆ ಸಿಗಬೇಕಾದರೆ ಸುದ್ದಿಯ ಪುಟಗಳು ಇರಕೂಡದು ಎಂದು ಹೇಳಿ ಹೋಯಿತು. ಹೇಳಿದವರು ಒಳ್ಳೆಯವರೇ. ಊಟದ ಹೊತ್ತಿನಲ್ಲಿ ಅವರೂ ಸಂಚಿಕೆಯನ್ನು ಹಿಂದಿನಿಂದ ತೆರೆದು ನಕ್ಕದ್ದನ್ನು ನಾನು ನೋಡಿದ್ದೇನೆ. ಆದರೆ ನಿಯಮ ನಿಯಮವೇ.

ಪ್ರಾಂಶುಪಾಲರು ಸಭೆ ಕರೆದರು. "ಸರ್, ನಿಮ್ಮ ಮೇಲಿನ ಗೌರವದಿಂದ ಇಷ್ಟು ವರ್ಷ ಯಾರೂ ಮುಟ್ಟಲಿಲ್ಲ. ಈಗ ಬಾಲ ಒಂದನ್ನ ಕತ್ತರಿಸಿದ್ರೆ ಮಾನ್ಯತೆ ಬರುತ್ತೆ. ನಮ್ಮ ಹುಡುಗರಿಗೂ ಉಪಯೋಗ" ಎಂದರು.

ಎಲ್ಲರೂ ಮೇಷ್ಟ್ರನ್ನು ನೋಡಿದರು. ಅವರು ಬೇಡವೆಂದರೆ ನಿವೃತ್ತಿಯಾಗುವವರೆಗೆ ಯಾರೂ ಒತ್ತಾಯಿಸುತ್ತಿರಲಿಲ್ಲ, ಅಷ್ಟು ಹಿರಿಯರು. ಅವರು ನನ್ನ ಕಡೆ ತಿರುಗಿದರು.

"ಏನವ್ವ, ನಿನ್ನ ಲೇಖನ ಎಲ್ಲಾ ಇದ್ರಲ್ಲೇ ಬಂದಿರೋದಲ್ವ?"

"ಹೌದು ಸರ್."

"ಕೆಲಸ ಖಾಯಂ ಆಗಾಕೆ ಮಾನ್ಯತೆ ಇರೋ ಜರ್ನಲ್‌ನಲ್ಲೇ ಬರಬೇಕು ಅಂತಾರಂತೆ?"

"ಬಂದರೆ ಅನುಕೂಲ, ಸರ್. ಆದರೆ ಅದಕ್ಕೋಸ್ಕರ ನೀವು..."

"ಹಂಗಾರೆ ಕತ್ತರಿಸೋಣ" ಎಂದರು. ಸಭೆ ಮುಗಿಯಿತು.

ಇದನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ನನಗಾಗಿ ಬಿಟ್ಟುಕೊಟ್ಟರು ಎಂದು ನಂಬುವುದು ನನಗೆ ಹಿತ. ಅಂಥ ಹಿತವಾದ ನೆನಪುಗಳ ಮೇಲೆಯೇ ನನಗೆ ಅನುಮಾನ. ಹೇಗೂ ಒಪ್ಪಲೇಬೇಕಿತ್ತು, ಒಂದು ಒಳ್ಳೆಯ ನೆಪ ಬೇಕಿತ್ತು ಎಂದೂ ಇರಬಹುದು. ಸಭೆಯಿಂದ ಹೊರಬಂದು ಮೆಟ್ಟಿಲಿಳಿಯುವಾಗ ನಾನು ಅಳುವ ಹಾಗಾಗಿದ್ದೆ. ಅವರು ನಗುತ್ತಿದ್ದರು. ಇದಂತೂ ಖಚಿತ.

"ಹಲ್ಲಿ ಬಾಲ ಕಿತ್ತು ಬಿದ್ದದ್ದು ನೋಡಿದ್ದೀಯಾ? ಹಲ್ಲಿ ಗೋಡೆ ಮೇಲೆ ಗಂಭೀರವಾಗಿ ಕೂತಿರುತ್ತೆ. ಕುಣಿಯೋದು ಬಾಲವೇ."

"ಅಂದರೆ ಸರ್?"

"ಜರ್ನಲ್‌ನಲ್ಲಿ ಸುದ್ದಿ ಇರಬಾರದು ಅಂದ್ರು. ಸುದ್ದಿಯಲ್ಲಿ ಕಾನೂನು ಇರಬಾರದು ಅಂತ ಯಾರಾದ್ರೂ ಅಂದ್ರಾ?"

ಹೀಗೆ ಹುಟ್ಟಿತು ಸುದ್ದಿಹಾಳೆ. ಒಂದೇ ಹಾಳೆ, ಎರಡು ಮಗ್ಗುಲು. ಮುಂದೆ ಕಾಲೇಜಿನವರ ಸುದ್ದಿ, ಹಿಂಬದಿಗೆ ಆ ಸುದ್ದಿಗಳಿಗೆ ತಾಗುವ ಕಾನೂನು, ಸರಳ ಕನ್ನಡದಲ್ಲಿ. ಹುಡುಗರು ಅದಕ್ಕೆ "ಬಾಲ" ಎಂದೇ ಹೆಸರಿಟ್ಟರು. ಜರ್ನಲ್‌ಗೆ ಮಾನ್ಯತೆ ಬಂತು, ಗ್ರಂಥಾಲಯಗಳ ಗಾಜಿನ ಕಪಾಟು ಸೇರಿತು. ನನ್ನ ಕೆಲಸವೂ ಖಾಯಂ ಆಯಿತು. ಬಾಲ ಮಾತ್ರ ಕೈಯಿಂದ ಕೈಗೆ ಹೋಯಿತು. ಕ್ಯಾಂಟೀನಿನ ಅಕ್ಕ ಅದನ್ನು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿ, "ಈ ಸಲ ಎಂತ ಮೇಡಂ, ಒಂದು ಮದುವೆಯೂ ಇಲ್ಲ, ಬರೀ ಜೀವನಾಂಶ?" ಎಂದು ವಿಮರ್ಶೆ ಮಾಡುತ್ತಿದ್ದರು. ವಿರಾಜಪೇಟೆಯ ಕೋರ್ಟಿಗೆ ಹೋಗಿದ್ದಾಗ, ಬಿಟ್ಟಂಗಾಲದ ಕಡೆಯಿಂದ ಬಂದಿದ್ದ ಒಬ್ಬ ಹಿರಿಯರ ಕೈಯಲ್ಲಿ ಮಡಿಕೆಯ ಉದ್ದಕ್ಕೂ ಸವೆದ ಹಳೆಯ ಬಾಲವೊಂದನ್ನು ಕಂಡೆ. ಅವರಿಗೆ ನಮ್ಮ ಕಾಲೇಜು ಎಲ್ಲಿದೆ ಎಂದೇ ಗೊತ್ತಿರಲಿಲ್ಲ.

ಸಾವಿನ ಸುದ್ದಿ ಬರೆಯುವ ಕ್ರಮವನ್ನು ಅವರು ಬೇರೆಯಾಗಿ ಕಲಿಸಿದರು. ಹಳೆಯ ವಿದ್ಯಾರ್ಥಿಯೊಬ್ಬರು ತೀರಿಕೊಂಡಾಗ ನಾನು ಸರಳ, ಸಜ್ಜನ, ಸ್ನೇಹಜೀವಿ ಎಂದೆಲ್ಲ ಬರೆದಿದ್ದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಅಷ್ಟರ ಕೆಳಗೂ ಜೋಡಿ ಗೆರೆ.

"ಗುಣಗಾನ ಬೇಡ. ಯಾವ ಬಸ್ಸು, ಎಲ್ಲಿ ಇಳೀಬೇಕು, ಇಳಿದು ಯಾವ ಕಡೆ ನಡೀಬೇಕು, ಅದನ್ನ ಬರಿ. ಹೊಗಳೋರು ಬಂದು ಅಲ್ಲೇ ಹೊಗಳಲಿ."

"ಸಾವಿನ ಸುದ್ದಿಗೂ ಹಿಂಬದಿ ಕಾನೂನು ಹಾಕಬೇಕಾ ಸರ್? ಕೆಟ್ಟದಾಗಿ ಕಾಣಲ್ವಾ?"

"ಅವರಿಗೇ ಕಣವ್ವ ಮೊದ್ಲು ಬೇಕಾಗೋದು. ಹದಿನೈದು ದಿನ ಕಳೀಲಿ, ಜಮೀನಿನ ಖಾತೆ ಯಾರ ಹೆಸರಿಗೆ, ಪಿಂಚಣಿ ಯಾರಿಗೆ ಅಂತ ಆಫೀಸಿಂದ ಆಫೀಸಿಗೆ ಅಲೀತಾರೆ. ಕೆಟ್ಟದಾಗಿ ಕಾಣೋದು ಅದು."

ತಮ್ಮ ನಿವೃತ್ತಿಯ ಸುದ್ದಿಯನ್ನು ಅವರೇ ಬರೆದುಕೊಟ್ಟರು: "ಕಾಲೇಜಿನ ಒಬ್ಬ ಅಧ್ಯಾಪಕರು ನಿವೃತ್ತರಾದರು. ನಿವೃತ್ತಿ ವೇತನದ ನಿಯಮಗಳು: ಹಿಂಬದಿ ನೋಡಿ." ಊರಿಗೆ ಹೋದ ಮೇಲೂ ಪ್ರತಿ ಹಾಳೆ ತಲುಪಿದ ದಿನ ಫೋನು ಬರುತ್ತಿತ್ತು. ಶುಂಠಿ ಬೆಳೆ ಹೇಗಿದೆ ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಮೂರನೆಯ ಸುದ್ದಿಗೂ ಅದರ ಕಾನೂನಿಗೂ ಹೊಂದಿಕೆ ಇಲ್ಲ ಎನ್ನುತ್ತಿದ್ದರು.

ಹೋದ ವರ್ಷ ಕಾಫಿ ಹೂ ಬಿಟ್ಟ ವಾರದಲ್ಲಿ, ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ. ನೋವಿಲ್ಲದ ಸಾವು. ಅಂತ್ಯಕ್ರಿಯೆ ಮರುದಿನವೇ ಮುಗಿಯಿತು. ಉತ್ತರಕ್ರಿಯೆಯ ಶಿವಗಣಾರಾಧನೆಯ ದಿನ ಗೊತ್ತಾದ ಮೇಲೆ ನಾನು ಹಾಳೆ ಬರೆಯಲು ಕುಳಿತೆ. ಗುಣಗಾನದ ಮಾತುಗಳೆಲ್ಲ ತಾವಾಗಿ ಬಂದವು, ಅಳಿಸಿದೆ. ಬಸ್ಸು ಬರೆದೆ: ಸೋಮವಾರಪೇಟೆಯಿಂದ ಶನಿವಾರಸಂತೆಯ ಬಸ್ಸು, ಹಾಲಿನ ಡೇರಿಯ ಹತ್ತಿರ ಇಳಿದು ಬಲಕ್ಕೆ, ಶುಂಠಿ ಹೊಲದ ಅಂಚಿನಲ್ಲೇ ಬಂದರೆ ಮನೆ. ಕೊನೆಯ ಸಾಲಿಗೆ ಕೈ ಏಳಲಿಲ್ಲ. ಅವರ ಹೆಂಡತಿಗೆ ಫೋನು ಮಾಡಿ, "ಅಮ್ಮಾ, ತೀರಿಕೊಂಡವರ ಖಾತೆ ಬದಲಾಯಿಸುವ ವಿಷಯ ಹಿಂಬದಿಗೆ ಹಾಕುವುದು ಅವರ ಕ್ರಮ. ಈ ಸಲ ಬಿಡಲಾ?" ಎಂದು ಕೇಳಿದೆ.

"ಹಾಕವ್ವ. ಬಿಟ್ರೆ ಬೈತಾರೆ" ಎಂದರು. ಬೈತಿದ್ರು ಎನ್ನಲಿಲ್ಲ.

ಆ ದಿನ ಡೇರಿಯ ಹತ್ತಿರ ಇಳಿದವರಲ್ಲಿ ಬಹಳ ಜನರ ಕೈಯಲ್ಲಿ ಹಾಳೆ ಇತ್ತು. ವಕೀಲರು, ಗುಮಾಸ್ತರು, ಗುರುತಿಲ್ಲದವರು. ತೋಟದ ಮಾಲೀಕರು ಕೋಲೂರಿಕೊಂಡು ಜೀಪಿನಿಂದ ಇಳಿದರು. "ಬಸ್ಸಿಗೆ ದಾರಿ ಬರ್ದಿದ್ದೀರಿ ಮೇಡಂ, ಜೀಪಿನವರು ಬರಬಾರದಾ? ಎರಡು ಸಲ ದಾರಿ ತಪ್ಪಿತು" ಎಂದು ರೇಗಿದರು. ಆಮೇಲೆ ಮೆಲ್ಲಗೆ, "ಬೋರ್ಡಿಗೆ ಮೊನ್ನೆ ಹೊಸ ಬಣ್ಣ ಹೊಡೆಸಿದೆ" ಎಂದರು.

ಒಳಗೆ ಮಾಲೆ ಹಾಕಿದ ಫೋಟೊ ಇತ್ತು. ಎದೆಯವರೆಗೆ ಮಾತ್ರ, ಕೈ ಕಾಣಿಸುತ್ತಿರಲಿಲ್ಲ. ಯಾವ ಹೆಬ್ಬೆರಳು ಎಂದು ಅವರ ಹೆಂಡತಿಯನ್ನು ಕೇಳಬಹುದಿತ್ತು. ಆ ದಿನ ಕೇಳಬೇಕೆನಿಸಲಿಲ್ಲ.

ಊಟವಾದ ಮೇಲೂ ಜನ ಏಳಲಿಲ್ಲ. ಜಗಲಿಯ ಮೇಲೆ ಹಾಳೆಯ ಹಿಂಬದಿಯನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದರು. ಮೇಷ್ಟ್ರ ಪಕ್ಕದ ಮನೆಯ ಹೆಂಗಸೊಬ್ಬರು ನನ್ನ ಹತ್ತಿರ ಬಂದರು. "ನಮ್ಮನೆಯವ್ರು ಹೋಗಿ ವರ್ಷ ಆಯ್ತವ್ವ. ಖಾತೆ ಇನ್ನೂ ಅವ್ರ ಹೆಸ್ರಲ್ಲೇ ಐತೆ. ಕೇಳೋಣ ಕೇಳೋಣ ಅನ್ಕೊಂಡೆ, ಇವ್ರೂ ಹೋಗ್ಬಿಟ್ರು. ಇದ್ರಲ್ಲಿ ಬರ್ದಿರೋದು ನಮಗೂ ಆಯ್ತದಾ?" ಅವರ ಹಿಂದೆ ಇನ್ನಿಬ್ಬರು ನಿಂತಿದ್ದರು.

ಮೇಷ್ಟ್ರ ಹೆಂಡತಿ ಒಳಗಿನಿಂದ ಒಂದು ಕುರ್ಚಿ ತಂದು ಜಗಲಿಯಲ್ಲಿಟ್ಟು ಒಳಗೆ ಹೋದರು.

ಕುಳಿತೆ. ಹೆಂಗಸಿನ ಕೈಯಿಂದ ಹಾಳೆ ತೆಗೆದುಕೊಂಡು, ಅವರಿಗೆ ಬೇಕಾದ ಸಾಲು ತೋರಿಸಲು ಪೆನ್ನಿಗಾಗಿ ತಡಕಾಡಿದೆ. ಸಿಗಲಿಲ್ಲ. ಹೆಬ್ಬೆರಳಿನ ಉಗುರಿನಿಂದ ಆ ಸಾಲಿನ ಕೆಳಗೆ ಒತ್ತಿ ಎಳೆದೆ. ಅವರು ಹಾಳೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದರು. ಒಂದೇ ಗೆರೆ ಇತ್ತು.

"ಸಾಕು, ಕಾಣ್ತದೆ" ಎಂದರು.